ನೇರಳೆ ಹೊದಿಕೆಯ ತಟ್ಟೆ

1990ರ ಅಕ್ಟೋಬರ್. ನಾನು ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಲೋಹಶಾಸ್ತ್ರ ಕಲಿಸುವ ಮೇಷ್ಟರಿಗೆ ಶೆಫೀಲ್ಡ್ ಎಂದರೆ ಹೆಚ್ಚುಕಡಿಮೆ ಕಾಶಿ ಇದ್ದಂತೆ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಕಂಡುಕೊಂಡದ್ದು ಅಲ್ಲಿಯೇ. ನಮ್ಮ ಅಡುಗೆಮನೆಯ ಸ್ಟೀಲಿನ ಲೋಟ, ಡಬ್ಬಿಗಳ ವಂಶವೃಕ್ಷ ಹುಡುಕುತ್ತ ಹೊರಟರೆ ಆ ಊರಿನ ಹೆಸರು ಬಂದೇ ಬರುತ್ತದೆ. ಒಂದು ವರ್ಷದ ಓದಿಗೆಂದು ಹೋದ ನಾನು ಒಬ್ಬ ಹೆಂಗಸಿನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಸಂಜೆ ಅವರ ಮಗ ನಡುಮನೆಯಲ್ಲಿ ಗ್ರಾಮಫೋನ್ ತಟ್ಟೆ ಹಾಕಿಕೊಂಡು ಕೂತಿದ್ದ. ತಟ್ಟೆಯ ನಡುವಿನ ದುಂಡು ಚೀಟಿಯ ಮೇಲೆ ನನಗೆ ಗುರುತಿದ್ದ ಹೆಸರೊಂದು ಕಂಡಿತು: 'ಫೋರ್ಜ್‌ಮಾಸ್ಟರ್ಸ್'.

ನನಗೆ ಸಂತೋಷವೇ ಆಯಿತು. ಶೆಫೀಲ್ಡ್ ಫೋರ್ಜ್‌ಮಾಸ್ಟರ್ಸ್ ಎಂಬುದು ಆ ಊರಿನ ದೊಡ್ಡ ಉಕ್ಕಿನ ಕಾರ್ಖಾನೆ. ಆ ವರ್ಷ ಏಪ್ರಿಲ್‌ನಲ್ಲಿ ಇರಾಕಿಗೆ ಹೊರಟಿದ್ದ ಅದರ ಭಾರಿ ಕೊಳವೆಗಳನ್ನು, ಇವು ಫಿರಂಗಿಯ ಭಾಗಗಳೆಂದು ಸುಂಕದ ಅಧಿಕಾರಿಗಳು ಬಂದರಿನಲ್ಲೇ ತಡೆದಿದ್ದರಿಂದ ಪತ್ರಿಕೆಗಳಲ್ಲೆಲ್ಲ ಆ ಹೆಸರು ಓಡಾಡುತ್ತಿತ್ತು. "ಕಾರ್ಖಾನೆಯವರು ನೌಕರರಿಗೆ ಹಾಡಿನ ತಟ್ಟೆಯನ್ನೂ ಹಂಚುತ್ತಾರೆಯೇ?" ಎಂದು ಕೇಳಿದೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ತಾಯಿ ನಗಲಿಲ್ಲ. ಆಕೆಯ ಗಂಡ ಕುಲುಮೆಯ ಕೆಲಸ ಕಳೆದುಕೊಂಡು ಎಂಟು ವರ್ಷವಾಗಿತ್ತು. ಇದು ನನಗೆ ತಿಳಿದದ್ದು ಆಮೇಲೆ.

ಆ ತಟ್ಟೆಗೂ ಕಾರ್ಖಾನೆಗೂ ಇದ್ದ ಸಂಬಂಧ ಹೆಸರಿನದು ಮಾತ್ರ. ಊರಿನ ಮೂವರು, ರಾಬರ್ಟ್ ಗೋರ್ಡನ್, ವಿನ್‌ಸ್ಟನ್ ಹೇಜಲ್ ಮತ್ತು ಷಾನ್ ಮಾಹೆರ್, ಸೇರಿ ಯಂತ್ರಗಳಿಂದ ಒಂದು ಕುಣಿತದ ಸಂಗೀತ ಮಾಡಿದ್ದರು. ತಮ್ಮ ತಂಡಕ್ಕೆ ಊರಿನ ಕುಲುಮೆಯ ಹೆಸರಿಟ್ಟುಕೊಂಡಿದ್ದರು. ಹಾಡಿಗೆ ಇಟ್ಟ ಹೆಸರು ಇನ್ನೂ ತಮಾಷೆ: 'ಹೆಸರಿಲ್ಲದ ಹಾಡು' ಎಂದು. 1989ರಲ್ಲಿ ಹೊರಬಂದ ಆ ತಟ್ಟೆ 'ವಾರ್ಪ್' ಎಂಬ ಪುಟ್ಟ ರೆಕಾರ್ಡ್ ಕಂಪನಿಯ ಚೊಚ್ಚಲ ಕೂಸು. ಆ ಕಂಪನಿಯ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಅದರ ಜೊತೆ ನನ್ನ ಒಂದು ತಪ್ಪಿನ ಕಥೆಯೂ ಹೆಣೆದುಕೊಂಡಿದೆ. ಅದನ್ನು ಬಿಟ್ಟು ಹೇಳಲಾರೆ.

ಇಂದಿನ ಮಕ್ಕಳಿಗಾಗಿ ಒಂದು ಮಾತು. ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡು ಕಾಗದಕ್ಕೆ ಲೇಬಲ್ ಎನ್ನುತ್ತಿದ್ದರು. ಬರುಬರುತ್ತ ತಟ್ಟೆ ಹೊರತರುವ ಕಂಪನಿಗೇ ಆ ಹೆಸರು ಬಂತು. ನಮ್ಮ ಬಾಲ್ಯದಲ್ಲಿ ನಾಯಿ ಕೂತು ಹಾಡು ಕೇಳುವ ಚಿತ್ರದ ತಟ್ಟೆಗಳಿದ್ದವಲ್ಲ, ಅದು ದೊಡ್ಡ ಲೇಬಲ್. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕಾರು ಜನ ಸೇರಿ ತಮ್ಮ ಕೈಯ ಹಣ ಹಾಕಿ ನಡೆಸುವುದು ಸ್ವತಂತ್ರ ಲೇಬಲ್. ಹಾಡು ಮಾಡಿದವನಿಂದ ಅದನ್ನು ಪಡೆದು, ತಟ್ಟೆ ಒತ್ತಿಸಿ, ಹೊದಿಕೆ ಹಾಕಿಸಿ, ಅಂಗಡಿಗಳಿಗೆ ಮುಟ್ಟಿಸಿ, ಬಂದ ಹಣದಲ್ಲಿ ಹಾಡಿದವನ ಪಾಲು ಹಾಡಿದವನಿಗೆ ಕೊಡುವುದು ಅದರ ಕೆಲಸ. ಹೇಳುವುದಕ್ಕೆ ಸುಲಭ. ಪುಸ್ತಕ ಪ್ರಕಾಶನ ಮಾಡಿ ಕೈಸುಟ್ಟುಕೊಂಡ ಕನ್ನಡಿಗರನ್ನು ಕೇಳಿದರೆ ಇದರ ಕಷ್ಟ ಅವರೇ ಹೇಳಿಯಾರು.

ನಾನು ಭದ್ರಾವತಿಯವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯ ಸೈರನ್ನಿಗೆ ಊರಿಗೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆದವನು. ಶೆಫೀಲ್ಡಿನಲ್ಲಿ ಅಂಥದೇ ಸದ್ದು ಕೇಳಿಸೀತೆಂದು ಆಸೆಯಿಂದ ಹೋಗಿದ್ದೆ. ಕೇಳಿಸಿದ್ದು ಮೌನ. 1980ರ ರಾಷ್ಟ್ರವ್ಯಾಪಿ ಉಕ್ಕು ಮುಷ್ಕರದ ಅನಂತರದ ಹತ್ತು ವರ್ಷಗಳಲ್ಲಿ ಒಂದರ ಹಿಂದೊಂದು ಕಾರ್ಖಾನೆಗಳು ಬಾಗಿಲೆಳೆದುಕೊಂಡಿದ್ದವು. ನಾನು ಹೋದ ತಿಂಗಳಲ್ಲಷ್ಟೇ ಹ್ಯಾಡ್‌ಫೀಲ್ಡ್ಸ್ ಎಂಬ ಪ್ರಸಿದ್ಧ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ ಮೆಡೋಹಾಲ್ ಎಂಬ ಭರ್ಜರಿ ಮಾರಾಟ ಮಳಿಗೆಗಳ ಸಂಕೀರ್ಣ ತೆರೆದಿತ್ತು. ಮ್ಯಾಂಗನೀಸ್ ಉಕ್ಕನ್ನು ಜಗತ್ತಿಗೆ ಕೊಟ್ಟ ಹೆಸರು ಹ್ಯಾಡ್‌ಫೀಲ್ಡ್. ತರಗತಿಯಲ್ಲಿ ವರ್ಷವರ್ಷವೂ ನಾನು ಆ ಪಾಠ ಮಾಡಿದ್ದೆ. ಅಲ್ಲಿ ಹೋಗಿ ನಾನು ಕೊಂಡದ್ದು ಒಂದು ಜೊತೆ ಉಣ್ಣೆಯ ಕೈಗವಸು.

ಕೆಲಸವಿಲ್ಲದ ಊರಿನಲ್ಲಿ ಎರಡು ವಸ್ತು ಧಾರಾಳವಾಗಿ ಸಿಗುತ್ತವೆ: ಖಾಲಿ ಕಟ್ಟಡ ಮತ್ತು ಹುಡುಗರ ಸಮಯ. ಶೆಫೀಲ್ಡಿನ ಹುಡುಗರು ಎಪ್ಪತ್ತರ ದಶಕದಿಂದಲೇ ಹಳೆಯ ಕಾರ್ಯಾಗಾರಗಳಲ್ಲಿ ಕೂತು ಟೇಪು, ಸಿಂಥಸೈಜರ್‌ಗಳಿಂದ ವಿಚಿತ್ರ ಸಂಗೀತ ಮಾಡುತ್ತಿದ್ದರು. ಕ್ಯಾಬರೆ ವಾಲ್ಟೇರ್, ಹ್ಯೂಮನ್ ಲೀಗ್ ಮುಂತಾದ ತಂಡಗಳು ಅಲ್ಲಿಯವು. ಊರಿನ ನಡುವೆ ಡಿವಿಷನ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ರೆಕಾರ್ಡ್ ಅಂಗಡಿಯಿತ್ತು. ಸ್ಟೀವ್ ಬೆಕೆಟ್ ಮತ್ತು ರಾಬ್ ಮಿಚೆಲ್ ಎಂಬ ಇಬ್ಬರು ಗೆಳೆಯರು ಅಲ್ಲಿ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಅಮೆರಿಕದ ಷಿಕಾಗೋ, ಡೆಟ್ರಾಯಿಟ್ ನಗರಗಳಿಂದ ಬರುತ್ತಿದ್ದ 'ಹೌಸ್', 'ಟೆಕ್ನೋ' ಎಂಬ ಹೊಸ ಕುಣಿತದ ತಟ್ಟೆಗಳು ಆ ಅಂಗಡಿಯಲ್ಲಿ ಬಂದ ಹಾಗೇ ಖಾಲಿಯಾಗುತ್ತಿದ್ದವು. ಡೆಟ್ರಾಯಿಟ್ ಕೂಡ ಕಾರ್ಖಾನೆಗಳು ಸೊರಗಿದ ಊರೇ ಎಂಬುದನ್ನು ನೆನೆಯಬೇಕು.

ಗಲ್ಲಾಪೆಟ್ಟಿಗೆಯ ಹಿಂದೆ ನಿಂತವನಿಗೆ ಯಾವ ಸಮೀಕ್ಷೆಯೂ ಬೇಕಾಗಿಲ್ಲ. ಶನಿವಾರ ಯಾವ ತಟ್ಟೆ ಕೇಳಿಕೊಂಡು ಎಷ್ಟು ಜನ ಬಂದರು, ಯಾವುದನ್ನು ಎರಡು ನಿಮಿಷ ಕೇಳಿ ಕೆಳಗಿಟ್ಟರು ಎಂಬುದು ಅವನ ಕಣ್ಣಮುಂದೆಯೇ ನಡೆಯುತ್ತದೆ. ಊರಿನ ಹುಡುಗರು ತಾವೇ ಮಾಡಿದ ಸಂಗೀತದ ಟೇಪುಗಳನ್ನು ತಂದು ತೋರಿಸುವ ಜಾಗವೂ ಅದೇ ಕಟ್ಟೆ. ಇದನ್ನು ನಾವೇ ತಟ್ಟೆ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸ್ಟುಡಿಯೋ ಕೆಲಸ ಬಲ್ಲ ರಾಬರ್ಟ್ ಗೋರ್ಡನ್ ಮೂರನೆಯವರಾಗಿ ಜೊತೆಗೂಡಿದರು. ಹೀಗೆ ಫೋರ್ಜ್‌ಮಾಸ್ಟರ್ಸ್ ತಂಡದ ಗೋರ್ಡನ್ ಅತ್ತ ಕಲಾವಿದರೂ ಹೌದು, ಇತ್ತ ಪಾಲುದಾರರೂ ಹೌದು.

ಹೆಸರಿನ ಕಥೆ ಚೆನ್ನಾಗಿದೆ. ಮೊದಲು ಇಟ್ಟದ್ದು 'ವಾರ್ಪ್ಡ್ ರೆಕಾರ್ಡ್ಸ್', ಅಂದರೆ ಸೊಟ್ಟಗಾದ ತಟ್ಟೆಗಳು. ಬಿಸಿಲಿಗಿಟ್ಟರೆ ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಆದರೆ ಟೆಲಿಫೋನಿನಲ್ಲಿ ಹೇಳಿದರೆ ಆಚೆಯವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಬಾಲ ಕತ್ತರಿಸಿ 'ವಾರ್ಪ್' ಎಂದರು. ಆ ಪದಕ್ಕೆ ಮಗ್ಗದ ಹಾಸು ಎಂಬ ಇನ್ನೊಂದು ಅರ್ಥವಿದೆ ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಇನ್ನು ಬಂಡವಾಳ. ಆಗ ಬ್ರಿಟಿಷ್ ಸರ್ಕಾರದ ಒಂದು ಯೋಜನೆಯಿತ್ತು. ಕೆಲಸವಿಲ್ಲದವನು ಸ್ವಂತ ಉದ್ಯೋಗ ಶುರುಮಾಡಿದರೆ ಒಂದು ವರ್ಷದವರೆಗೆ ವಾರಕ್ಕೆ 40 ಪೌಂಡ್ ಕೊಡುತ್ತಿದ್ದರು. ಆದರೆ ತನ್ನ ಬಳಿ 1000 ಪೌಂಡ್ ಇದೆಯೆಂದು ಮೊದಲು ತೋರಿಸಬೇಕು. ಕೆಲಸವೇ ಇಲ್ಲದವನ ಬಳಿ ಸಾವಿರ ಪೌಂಡ್ ಎಲ್ಲಿಂದ ಬಂದೀತು ಎಂದು ಯೋಜನೆ ರೂಪಿಸಿದವರಿಗೆ ತೋಚಲಿಲ್ಲವೋ ಏನೋ. ನಮ್ಮ ಮನೆಯೊಡತಿಯ ಮಗನೂ ಅದೇ ಯೋಜನೆಗೆ ಅರ್ಜಿ ಹಾಕಲು ಚಿಕ್ಕಪ್ಪನ ಹತ್ತಿರ ಕೈಸಾಲಕ್ಕೆ ಅಲೆಯುತ್ತಿದ್ದ. ವಾರ್ಪ್‌ನವರು ಆ ಯೋಜನೆಯ ಹಣದ ನೆರವಿನಿಂದಲೇ ಮೊದಲ ತಟ್ಟೆಯ 500 ಪ್ರತಿ ಒತ್ತಿಸಿದರು. ಯಾರದೋ ಕಾರನ್ನು ಎರವಲು ಪಡೆದು, ಅದರಲ್ಲಿ ಪೆಟ್ಟಿಗೆಗಳನ್ನು ತುಂಬಿಕೊಂಡು ಅಂಗಡಿ ಅಂಗಡಿಗೆ ತಾವೇ ಹೋಗಿ ಕೊಟ್ಟು ಬಂದರು. ನಮ್ಮ ಕಡೆ ಸಾಹಿತಿಗಳು ಬಸ್ಸಿನಲ್ಲಿ ಕಟ್ಟು ಹೊತ್ತುಕೊಂಡು ಹೋಗಿ ಪುಸ್ತಕ ಮಾರಿದ ಹಾಗೆ.

ಆ ಸಂಗೀತ ಹೇಗಿತ್ತು? ನಿಜ ಹೇಳಿದರೆ ನನಗೆ ಅದು ಸಂಗೀತವೆಂದೇ ಅನ್ನಿಸಲಿಲ್ಲ. ಮೇಲೆ 'ಬ್ಲೀಪ್, ಬ್ಲೀಪ್' ಎಂಬ ಎಂಗೇಜ್ ಆದ ಟೆಲಿಫೋನಿನಂಥ ದನಿ. ಕೆಳಗೆ ಕಿವಿಗಿಂತ ಮೊದಲು ಎದೆಗೂಡಿಗೆ ತಟ್ಟುವ ತಗ್ಗು ದನಿಯ ಗುಡುಗು. ಮಾತಿಲ್ಲ, ರಾಗವಿಲ್ಲ. ವಾರ್ಪ್‌ನ ಮೂರನೆಯ ತಟ್ಟೆಯ ಹೆಸರು 'ಟೆಸ್ಟೋನ್'. ಸ್ಟುಡಿಯೋ ಯಂತ್ರ ಸರಿಯಿದೆಯೇ ಎಂದು ನೋಡಲು ಹಾಕುವ ಪರೀಕ್ಷಾ ಸ್ವರವನ್ನೇ ಅದರಲ್ಲಿ ಹಾಡಾಗಿಸಿದ್ದರು. ಎರಕದೊಳಗೆ ಬಿರುಕಿದೆಯೇ ಎಂದು ನೋಡುವ ಯಂತ್ರದ ಕೀರಲು ದನಿಯನ್ನು ಪ್ರಯೋಗಾಲಯದಲ್ಲಿ ದಿನವಿಡೀ ಕೇಳಿ ಬರುತ್ತಿದ್ದ ನನಗೆ ಮನೆಯಲ್ಲೂ ಅದೇ ಗ್ರಹಚಾರ.

ಆ ತಗ್ಗು ದನಿಯ ಹಿಂದೆ ಒಂದು ಕುಶಲ ಕೆಲಸವಿದೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ತಟ್ಟೆಯ ಮೇಲಿನ ಗೀರಿನಲ್ಲಿ ಸೂಜಿ ಅತ್ತಿತ್ತ ಓಲಾಡುವುದರಿಂದ ದನಿ ಹುಟ್ಟುತ್ತದೆ. ದನಿ ತಗ್ಗಿದಷ್ಟೂ, ಅದು ಜೋರಾಗಿದ್ದಷ್ಟೂ, ಗೀರು ಅಗಲವಾಗಿ ತೊನೆಯುತ್ತದೆ. ಪಕ್ಕದ ಗೀರಿಗೆ ತಾಗಿದರೆ ಸೂಜಿ ಹಾರಿಬಿಡುತ್ತದೆ. ಅದಕ್ಕೇ 12 ಅಂಗುಲದ ದೊಡ್ಡ ತಟ್ಟೆಯಲ್ಲಿ ಒಂದೇ ಹಾಡನ್ನು ಹಾಕಿ, ಗೀರುಗಳ ನಡುವೆ ಧಾರಾಳ ಜಾಗ ಬಿಟ್ಟು ಕೊರೆಯುತ್ತಿದ್ದರು. ಹೊಲದಲ್ಲಿ ಸಾಲುಗಳ ನಡುವೆ ಅಂತರ ಬಿಡುವ ಲೆಕ್ಕದ ಹಾಗೆಯೇ ಇದು. ಎಲ್‌ಪಿ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ತುಂಬುವ ಜಾಗದಲ್ಲಿ ಇಲ್ಲಿ ಐದಾರು ನಿಮಿಷ.

ಐದನೆಯ ತಟ್ಟೆ ಕಂಪನಿಯ ಹಣೆಬರಹ ಬದಲಿಸಿತು. ಲೀಡ್ಸ್ ಊರಿನ ಮಾರ್ಕ್ ಬೆಲ್, ಗೆಜ್ ವಾರ್ಲಿ ಎಂಬ ಇಬ್ಬರು ಎಳೆಯರು 'ಎಲ್ಎಫ್ಒ' ಎಂಬ ಹೆಸರಿನಲ್ಲಿ ಮಾಡಿದ, ಅದೇ ಹೆಸರಿನ ಹಾಡು. ಸಿಂಥಸೈಜರಿನಲ್ಲಿ ದನಿಯನ್ನು ನಿಧಾನವಾಗಿ ಏರಿಳಿಸುವ ಒಂದು ಭಾಗಕ್ಕೆ ಆ ಹೆಸರಿದೆ. 1990ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿತು. ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಐನೂರು ಪ್ರತಿಗಳಿಂದ ಹೊರಟವರು ಒಂದೇ ವರ್ಷದಲ್ಲಿ ಅಲ್ಲಿಗೆ ಮುಟ್ಟಿದ್ದರು. ಗೆದ್ದ ಹಾಡೇ ಸಣ್ಣ ಕಂಪನಿಯನ್ನು ಮುಳುಗಿಸಿದ ಉದಾಹರಣೆ ಈ ವ್ಯಾಪಾರದಲ್ಲಿ ಬೇಕಾದಷ್ಟಿದೆ. ತಟ್ಟೆ ಒತ್ತುವವನಿಗೆ ಹಣ ಮೊದಲು ಬೇಕು, ಅಂಗಡಿಯವನು ಕೊಡುವುದು ತಿಂಗಳುಗಳ ಮೇಲೆ. ಇವರು ಮುಳುಗಲಿಲ್ಲ.

ಮುಚ್ಚಿಟ್ಟು ಹೇಳಬಾರದು. ಆ ಸಂಗೀತ ಮೊಳಗುತ್ತಿದ್ದ ಕುಣಿತದ ಜಾಗಗಳಲ್ಲಿ ಮಾದಕ ಗುಳಿಗೆಗಳ ಹಾವಳಿಯೂ ಇತ್ತು. ಹುಡುಗ ಬೆಳಗಿನ ಜಾವ ಬಂದು ಬಾಗಿಲು ತೆರೆಯುವವರೆಗೆ ಅವನ ತಾಯಿ ಅಡುಗೆಮನೆಯ ದೀಪ ಆರಿಸುತ್ತಿರಲಿಲ್ಲ. ಒಂದು ದಿನ ಅವರು, "ನೀವು ಮೇಷ್ಟರು, ಅವನಿಗೊಂದು ಮಾತು ಹೇಳಿ" ಎಂದರು. ಹೇಳಿದೆ. "ಅಪ್ಪ ಉಕ್ಕು ಕಾಯಿಸಿದವರು. ನೀನು ಯಾವುದಾದರೂ ನಿಜವಾದ ಕೆಲಸ ಕಲಿ. ಈ ಕೀಂಯ್ ಕೀಂಯ್ ಮುಂದಿನ ವರ್ಷ ಯಾರ ನೆನಪಿನಲ್ಲೂ ಇರುವುದಿಲ್ಲ" ಎಂದೆ. ಅವನು ಸಿಟ್ಟಾಗಲಿಲ್ಲ. ನಾನು 1991ರಲ್ಲಿ ಊರಿಗೆ ಹೊರಟ ದಿನ, ನೇರಳೆ ಬಣ್ಣದ ಹೊದಿಕೆಯ ಎಲ್ಎಫ್ಒ ತಟ್ಟೆಯನ್ನು ಕಾಗದದಲ್ಲಿ ಸುತ್ತಿ ಕೈಗಿತ್ತ. ನಮ್ಮ ಮನೆಯಲ್ಲಿ ಗ್ರಾಮಫೋನೇ ಇಲ್ಲವೆಂದು ಹೇಳಲು ಸಂಕೋಚವಾಯಿತು. ತಂದು ಟ್ರಂಕಿನ ತಳದಲ್ಲಿ, ಉಣ್ಣೆ ಕೋಟಿನ ಕೆಳಗೆ ಇಟ್ಟುಬಿಟ್ಟೆ.

ಹದಿನಾರು ವರ್ಷ ಅದು ಅಲ್ಲೇ ಇತ್ತು. 2007ರಲ್ಲಿ ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಳು. ದೀಪಾವಳಿಗೆ ಅಟ್ಟ ಗುಡಿಸಲು ಹತ್ತಿದವಳು ಅಲ್ಲಿಂದಲೇ ಕೂಗಿದಳು: "ಅಪ್ಪಾ, ಇದು ನಿಂಗೆಲ್ಲಿ ಸಿಕ್ತು?" ತಟ್ಟೆಯನ್ನು ಎರಡೂ ಕೈಯಲ್ಲಿ ದೇವರ ಪಟ ಹಿಡಿದ ಹಾಗೆ ಹಿಡಿದಿದ್ದಳು. ಮುಂದಿನ ವರ್ಷ ಯಾರ ನೆನಪಿನಲ್ಲೂ ಇರುವುದಿಲ್ಲವೆಂದು ನಾನು ಭವಿಷ್ಯ ನುಡಿದಿದ್ದ ತಟ್ಟೆ! ಮಗಳು ಕಾಲೇಜಿನ ಕಂಪ್ಯೂಟರಿನಲ್ಲಿ ರಾತ್ರಿಯೆಲ್ಲ ಏನೋ ಸಂಗೀತ ಮಾಡುತ್ತಾಳೆಂದು ಗೊತ್ತಿತ್ತು. ಅದರ ಬೇರು ನಾನು ಬಾಡಿಗೆಗಿದ್ದ ಊರಿನ ಒಂದು ಅಂಗಡಿಗೆ ಮುಟ್ಟುತ್ತದೆಂದು ಗೊತ್ತಿರಲಿಲ್ಲ. ಆ ಹಬ್ಬದ ಮೂರು ದಿನ ಅವಳೇ ಮೇಷ್ಟರು, ನಾನು ವಿದ್ಯಾರ್ಥಿ.

ನಾನು ಹೊರಟು ಬಂದ ಮೇಲೆ ನಡೆದದ್ದನ್ನೆಲ್ಲ ಅವಳು ಹೇಳಿದಳು. 1992ರಲ್ಲಿ ವಾರ್ಪ್ 'ಕೃತಕ ಬುದ್ಧಿಮತ್ತೆ' ಎಂಬ ಅರ್ಥದ ಹೆಸರಿನ ಒಂದು ಸಂಗ್ರಹ ತಂದಿತು. ಇಂದು ಶಾಲೆಯ ಮಕ್ಕಳ ಬಾಯಲ್ಲೂ ಇರುವ ಪದ, ಆಗ ವಿಜ್ಞಾನಿಗಳ ಸ್ವತ್ತು. ಹೊದಿಕೆಯ ಮೇಲೆ ಯಂತ್ರಮಾನವನೊಬ್ಬ ಆರಾಮಕುರ್ಚಿಯಲ್ಲಿ ಒರಗಿದ್ದಾನೆ. ನೆಲದ ಮೇಲೆ ಪಿಂಕ್ ಫ್ಲಾಯ್ಡ್, ಕ್ರಾಫ್ಟ್‌ವರ್ಕ್ ತಂಡಗಳ ತಟ್ಟೆಗಳು ಬಿದ್ದಿವೆ. ಕುಣಿದು ದಣಿದು ಮನೆಗೆ ಬಂದವನು ಕೂತು ಕೇಳಲಿ ಎಂಬುದು ಅದರ ಸಂದೇಶ. ಕುಣಿತದ ಸಂಗೀತ ಎರಡು ತಿಂಗಳ ಸರಕು, ಕೂತು ಕೇಳುವ ಸಂಗೀತ ಇಪ್ಪತ್ತು ವರ್ಷದ್ದು. ಅಂಗಡಿಯವರ ಬುದ್ಧಿ ಇಲ್ಲಿ ಕಾಣುತ್ತದೆ. ಕಾರ್ನ್‌ವಾಲ್‌ನ ರಿಚರ್ಡ್ ಜೇಮ್ಸ್, ಅಂದರೆ 'ಏಫೆಕ್ಸ್ ಟ್ವಿನ್', ಮತ್ತು ರಾಚ್‌ಡೇಲ್‌ನ ಜೋಡಿ 'ಆಟೆಕರ್' ಮೊದಲಾದವರು ಆ ದಾರಿಯಲ್ಲಿ ಹೆಸರಾದರು. ಹೊದಿಕೆಗಳನ್ನು ಮಾಡುತ್ತಿದ್ದುದು ಅದೇ ಊರಿನ 'ದಿ ಡಿಸೈನರ್ಸ್ ರಿಪಬ್ಲಿಕ್' ಎಂಬ ಸಂಸ್ಥೆ. ಆ ನೇರಳೆ ಬಣ್ಣವನ್ನು ಅಂಗಡಿಯ ಬಾಗಿಲಿನಿಂದಲೇ ಗುರುತು ಹಿಡಿಯಬಹುದಿತ್ತು.

ಅವಳು ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು 1994ರ ಪ್ರಸಂಗ. ಬಯಲಿನಲ್ಲಿ ರಾತ್ರಿ ನೂರು ಅಥವಾ ಹೆಚ್ಚು ಜನ ಸೇರಿ ಧ್ವನಿವರ್ಧಕ ಹಾಕಿ ಕುಣಿಯುವುದನ್ನು ತಡೆಯಲು ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂದಿತು. ಅದರಲ್ಲಿ ಸಂಗೀತ ಎಂದರೇನು ಎಂದು ಬರೆಯುವಾಗ, ಒಂದೇ ಸಮನೆ ಮರುಕಳಿಸುವ ಬಡಿತಗಳ ಸರಣಿಯೂ ಸಂಗೀತದಲ್ಲಿ ಸೇರಿದೆ ಎಂದು ಸೇರಿಸಿದರು. ಇದಕ್ಕೆ ಆಟೆಕರ್ ಜೋಡಿ ಕೊಟ್ಟ ಉತ್ತರ 'ಆ್ಯಂಟಿ' ಎಂಬ ತಟ್ಟೆ. ಅದರ ಒಂದು ಹಾಡಿನಲ್ಲಿ ಯಾವ ತಾಳದ ಸುತ್ತೂ ಇನ್ನೊಂದರಂತೆ ಇಲ್ಲದ ಹಾಗೆ ಹೆಣೆದರು. ಬಡಿತ ಮರುಕಳಿಸದಿದ್ದರೆ ಕಾಯ್ದೆ ಹೇಗೆ ಹಿಡಿಯುತ್ತದೆ? ಆದರೂ ನುಡಿಸುವಾಗ ಒಬ್ಬ ವಕೀಲನೂ ಒಬ್ಬ ಸಂಗೀತಶಾಸ್ತ್ರಜ್ಞನೂ ಪಕ್ಕದಲ್ಲಿರಲಿ ಎಂದು ಹೊದಿಕೆಯ ಮೇಲೊಂದು ಎಚ್ಚರಿಕೆ ಅಂಟಿಸಿದ್ದರು. ನಮ್ಮ ಮಲೆನಾಡಿನ ಬಯಲಾಟ ನೆನಪಾಯಿತು. ರಾತ್ರಿಯಿಡೀ, ಗದ್ದೆಯಲ್ಲಿ, ನೂರಾರು ಜನ, ಮೈಕು, ಚೆಂಡೆ! ಆ ಕಾಯ್ದೆ ಇಲ್ಲಿದ್ದಿದ್ದರೆ ಭಾಗವತರು ಪೊಲೀಸ್ ಸ್ಟೇಷನ್ನಿನಲ್ಲಿ ಮಂಗಳ ಹಾಡಬೇಕಾಗುತ್ತಿತ್ತು.

ಹಬ್ಬ ಮುಗಿಯಿತು. ನನ್ನ ತಿಳಿವಳಿಕೆ ಹೆಚ್ಚಿತೆಂದು ನಾನೇ ಬೀಗಿದೆ. ಆದರೆ ಮನಸ್ಸಿನ ಆಳದಲ್ಲಿ 'ಇದು ಆಟ, ಓದು ನಿಜ' ಎಂಬ ಭಾವನೆ ಹಾಗೆಯೇ ಇತ್ತು. ಅದು ಗೊತ್ತಾದದ್ದು 2009ರಲ್ಲಿ. ಮಗಳ ಕೊನೆಯ ವರ್ಷ. ಅವಳ ಎರಡು ನಿಮಿಷದ ಒಂದು ಸಂಗೀತದ ತುಣುಕು ಬೆಂಗಳೂರಿನ ಒಂದು ಜಾಹೀರಾತು ಕಂಪನಿಗೆ ಹಿಡಿಸಿತು. ಎಂಟು ಸಾವಿರ ರೂಪಾಯಿ ಕೊಡುತ್ತೇವೆಂದು ನಾಲ್ಕು ಪುಟದ ಒಪ್ಪಂದ ಕಳಿಸಿದರು. ಅವಳು ಅದನ್ನು ನನ್ನ ಮುಂದಿಟ್ಟು, "ಅಪ್ಪ, ಒಂದು ಸಲ ಓದು" ಎಂದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮನೆ ಕಟ್ಟುವಾಗ ಬ್ಯಾಂಕಿನ ಸಾಲಪತ್ರದ ಒಂದೊಂದು ಸಾಲಿನ ಕೆಳಗೂ ಪೆನ್ಸಿಲ್ ಗೀಟು ಹಾಕಿದ ಮನುಷ್ಯ ನಾನು. ತಲೆಯೆತ್ತದೆ, "ಎಂಟು ಸಾವಿರ ಸಿಗ್ತಿದೆಯಲ್ಲ, ಹಾಕು ಸಹಿ. ಪರೀಕ್ಷೆ ಹತ್ತಿರ ಬಂತು" ಎಂದೆ. ಹಾಕಿದಳು.

ಆ ತುಣುಕು ಮೂರು ವರ್ಷ ಟಿ.ವಿ.ಯಲ್ಲಿ, ಫೋನುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಕೇಳಿಸಿತು. ಅವಳ ಹೆಸರು ಎಲ್ಲೂ ಇಲ್ಲ. ಅದನ್ನೇ ಬೆಳೆಸಿ ಸ್ವಂತವಾಗಿ ಒಂದು ಹಾಡು ಮಾಡಲು ಹೊರಟಾಗ, ಹಾಗೆ ಮಾಡುವಂತಿಲ್ಲವೆಂದು ಪತ್ರ ಬಂತು. ಮೂರನೆಯ ಪುಟದಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇತ್ತು. ಮೋಸ ಎನ್ನುವಂತಿಲ್ಲ. ನಾವು ಓದಿರಲಿಲ್ಲ, ಅಷ್ಟೆ. ಎರಡು ವರ್ಷ ಅವಳು ಕೀಬೋರ್ಡ್ ಮುಟ್ಟಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗ ನಾನು ತಡವಾಗಿಯಾದರೂ ಓದಲು ಕೂತೆ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಸ್ವರ ಹೆಣೆದ ಕೃತಿಯ ಹಕ್ಕು ಒಂದು, ಅದನ್ನು ಮುದ್ರಿಸಿದ ಧ್ವನಿಯ ಹಕ್ಕು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಮಾರಬಹುದು, ಇಷ್ಟು ವರ್ಷಕ್ಕೆಂದು ಬಾಡಿಗೆಗೂ ಕೊಡಬಹುದು. ಬ್ರಿಟನ್ನಿನ ಎಷ್ಟೋ ಸಣ್ಣ ಲೇಬಲ್‌ಗಳಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಕಲಾವಿದನಿಗೆ, ಅರ್ಧ ಲೇಬಲ್‌ಗೆ ಎಂಬ ರೂಢಿಯಿತ್ತು. ನಮ್ಮ ಹಳ್ಳಿಗಳ ಕೋರುಪಾಲಿನ ಹಾಗೆ. ನಮ್ಮ ದೇಶದಲ್ಲೂ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಚಿತ್ರಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ ಬಳಕೆಯಾದ ಹಾಡಿನ ಸಾಹಿತಿ ಮತ್ತು ಸಂಗೀತ ಸಂಯೋಜಕರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಟ್ಟುಬಿಡುವಂತಿಲ್ಲ ಎಂದಾಯಿತು. ನಮ್ಮ ಸಹಿ ಬಿದ್ದು ಆಗಲೇ ಮೂರು ವರ್ಷವಾಗಿತ್ತು.

ವಾರ್ಪ್ ಕಥೆಯನ್ನು ಆಗ ಮತ್ತೆ ಓದಿದೆ, ಈ ಸಲ ಬೇರೆ ಕಣ್ಣಿನಿಂದ. ಮೂವರು ಪಾಲುದಾರರಲ್ಲಿ ರಾಬರ್ಟ್ ಗೋರ್ಡನ್ ಮೊದಲ ವರ್ಷಗಳಲ್ಲೇ ಬೇರೆಯಾದರು. ಮೊದಲ ಹಾಡು ಮಾಡಿದವರ ಹೆಸರಿಲ್ಲದೆ ಕಂಪನಿ ಮುಂದುವರಿಯಿತು. ಉಳಿದ ಇಬ್ಬರು ಹತ್ತು ವರ್ಷ ಶೆಫೀಲ್ಡಿನಲ್ಲೇ ನಡೆಸಿದರು. 1998ರಲ್ಲಿ ನೂರನೆಯ ಅಂಕಿಯ ತಟ್ಟೆ ತಂದಾಗ ಅದಕ್ಕೆ 'ನಾವು ವಿವೇಕಿಗಳು' ಎಂಬ ಅರ್ಥದ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅದರ ಮೊದಲ ಅಕ್ಷರಗಳು ಸೇರಿದರೆ ವಾರ್ಪ್ ಎಂದೇ ಆಗುತ್ತದೆ. 2000ದಲ್ಲಿ ಕಚೇರಿ ಲಂಡನ್ನಿಗೆ ಹೋಯಿತು. ಮರುವರ್ಷವೇ ರಾಬ್ ಮಿಚೆಲ್ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಒಂಟಿಯಾದ ಬೆಕೆಟ್ ಅಂಗಡಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಕದ್ದು ಹಂಚುವ ಹಾಡುಗಳಿಗೆ ಹೆದರಿ ದೊಡ್ಡ ಕಂಪನಿಗಳು ಹಾಡಿಗೆ ಬೀಗ ಜಡಿಯುತ್ತಿದ್ದಾಗ, ಇವರು 2004ರಲ್ಲಿ 'ಬ್ಲೀಪ್' ಎಂಬ ಹೆಸರಿನಲ್ಲೇ ಅಂತರ್ಜಾಲದ ಅಂಗಡಿ ತೆರೆದು ಬೀಗವಿಲ್ಲದ ಹಾಡುಗಳನ್ನು ಮಾರಿದರು. ಕೊಳ್ಳುವವನನ್ನು ಕಳ್ಳನೆಂದು ಎಣಿಸಬಾರದು ಎಂಬುದು ಕಟ್ಟೆಯ ಹಿಂದೆ ನಿಂತು ಕಲಿತ ಪಾಠವೆಂದು ನನ್ನ ಊಹೆ. ಜೊತೆಗೆ ಸಿನಿಮಾ ಸಂಸ್ಥೆಯನ್ನೂ ಕಟ್ಟಿದರು. ಏಫೆಕ್ಸ್ ಟ್ವಿನ್‌ನ 'ಸೈರೋ' 2014ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ನನ್ನ ತಟ್ಟೆಯ ಮಾರ್ಕ್ ಬೆಲ್ ಅದೇ 2014ರಲ್ಲಿ ತೀರಿಕೊಂಡ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದಳು. ಅಷ್ಟು ಹೊತ್ತಿಗೆ ಅವಳು ಮತ್ತೆ ಸಂಗೀತ ಮಾಡುತ್ತಿದ್ದಳು.

ಅವಳಿಗೆ ಹಗಲು ಕಂಪ್ಯೂಟರ್ ಕಂಪನಿಯ ಕೆಲಸ, ರಾತ್ರಿ ಇದು. ತನ್ನದೇ ಎರಡು ಸಂಗ್ರಹಗಳನ್ನು ಅಂತರ್ಜಾಲದಲ್ಲಿ ಮಾರಿದ್ದಾಳೆ. ಕೆಲವು ನೂರು ಜನ ಕೊಂಡಿದ್ದಾರೆ. ಐನೂರು ಇನ್ನೂ ಆಗಿಲ್ಲವೆಂದು ನಗುತ್ತಾಳೆ. ಯಾವ ಒಪ್ಪಂದ ಬಂದರೂ ನನಗೆ ಕಳಿಸುತ್ತಾಳೆ. ನಾನು ಪೆನ್ಸಿಲ್ ಹಿಡಿದು ಮೂರನೆಯ ಪುಟದಿಂದ ಓದಲು ಶುರುಮಾಡುತ್ತೇನೆ. ಅವಳ ಸಂಗೀತ ನನಗೆ ಪೂರ್ತಿ ಅರ್ಥವಾಗುತ್ತದೆಂದು ಸುಳ್ಳು ಹೇಳಲಾರೆ.

2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆ ಮುಚ್ಚುವ ನಿರ್ಧಾರ ಪ್ರಕಟವಾದ ವಾರ ಮನಸ್ಸು ಸರಿಯಿರಲಿಲ್ಲ. ಅಪ್ಪ ದುಡಿದ ಜಾಗ. ಕಾರ್ಮಿಕರು ಗೇಟಿನ ಮುಂದೆ ಕೂತಿದ್ದ ಚಿತ್ರ ಪತ್ರಿಕೆಯಲ್ಲಿತ್ತು. ಶೆಫೀಲ್ಡಿನ ಆ ಮನೆಯ ಅಡುಗೆಮನೆಯ ದೀಪ ಕಣ್ಣಮುಂದೆ ಬಂತು. ಆ ಹುಡುಗನಿಗೆ ಚಿಕ್ಕಪ್ಪ ಸಾವಿರ ಪೌಂಡ್ ಕೊಟ್ಟನೋ ಇಲ್ಲವೋ, ನಾನು ಕೇಳಿಯೇ ಇರಲಿಲ್ಲ.

ಆ ಶನಿವಾರ ಮಗಳು ಬಂದಾಗ ಹಳೆಯ ತಟ್ಟೆ ತಿರುಗಿಸುವ ಯಂತ್ರವನ್ನೂ ಎರಡು ದಪ್ಪ ಸ್ಪೀಕರುಗಳನ್ನೂ ತಂದಿದ್ದಳು. ನೇರಳೆ ಹೊದಿಕೆಯಿಂದ ತಟ್ಟೆಯನ್ನು ಹೊರತೆಗೆದು ಅಂಗೈಯಿಂದ ಅಂಚು ಹಿಡಿದು ಇಟ್ಟಳು. ಮೂವತ್ತೆರಡು ವರ್ಷದ ಮೇಲೆ ಆ ದನಿ ಮತ್ತೆ ಕೇಳಿದೆ. ಮೊದಲು ಆ ಬ್ಲೀಪ್. ಆಮೇಲೆ ಕೆಳಗಿನ ಗುಡುಗು ನೆಲದೊಳಗಿಂದ ಬಂತು. ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ್ದ ಸ್ಟೀಲಿನ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಝಣಝಣ ಎನ್ನತೊಡಗಿದವು. "ಏನ್ರೀ ಅದು, ಭೂಕಂಪಾನಾ?" ಎಂದು ನನ್ನ 'ಇವಳು' ಒಳಗಿನಿಂದ ಕೂಗಿದಳು. ಮಗಳು ದನಿ ತಗ್ಗಿಸಲು ಕೈಚಾಚಿದಳು. ಇರಲಿ ಬಿಡು ಎಂದೆ.